ಶೆಫೀಲ್ಡ್‌ನ ಹಳೇ ಪಬ್ ಒಂದಕ್ಕೆ ಒಬ್ಬನೇ ಹೋಗಿದ್ದೆ, ಎಲ್ರೂ ಸುಮ್ನಾಗ್ಬಿಟ್ರು. ನಾನೇನು ತಪ್ಪು ಮಾಡ್ದೆ?

ರಾತ್ರಿಪಾಳಿ

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಶೆಫೀಲ್ಡ್‌ಗೆ ಬಂದು ಎಂಟು ತಿಂಗಳಾಯ್ತು. ನಾನಿರೋದು ಊರಿನ ಪೂರ್ವಕ್ಕೆ, ಹಿಂದೆ ಸ್ಟೀಲ್ ಕಾರ್ಖಾನೆಗಳಿದ್ದ ಕಡೆ. ಬಸ್ ಇಳಿದು ಮನೆಗೆ ನಡೀವಾಗ ದಿನಾ ಒಂದು ಪಬ್ ಸಿಗತ್ತೆ, ಸುತ್ತ ಇದ್ದ ಮನೆಗಳನ್ನೆಲ್ಲ ಕೆಡವಿದಾರೆ, ಅದೊಂದೇ ಒಂಟಿಯಾಗಿ ನಿಂತಿದೆ. ಕಿಟಕಿಗೆ ಮಸುಕು ಗಾಜು, ಒಳಗೆ ಏನು ನಡೀತಿದೆ ಅಂತ ರಸ್ತೆಯಿಂದ ಗೊತ್ತೇ ಆಗಲ್ಲ. ಎಂಟು ತಿಂಗಳಿಂದ ಒಳಗೆ ಹೋಗ್ಬೇಕು ಹೋಗ್ಬೇಕು ಅನ್ಕೊಂಡು ಕಳೆದ ಗುರುವಾರ ಸಂಜೆ ಆರೂವರೆಗೆ ಬಾಗ್ಲು ತಳ್ಳಿದೆ.

ಒಳಗೆ ಎಂಟು ಜನ ಇದ್ರು, ಎಲ್ಲ ಐವತ್ತು ದಾಟಿದ ಗಂಡಸರು. ಮಾತು ಟಕ್ ಅಂತ ನಿಂತೋಯ್ತು. ಕೌಂಟರ್ ತುದೀಲಿ ಕೂತಿದ್ದ ಒಬ್ಬ ಅಜ್ಜ ನನ್ನ ನೋಡಿ "ನೌ ದೆನ್" ಅಂದ. "ಏನೀಗ?" ಅಂತ ಗದರಿದ ಹಾಗೆ ಕೇಳಿಸ್ತು, ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ, ತಲೆ ಆಡಿಸಿ ಹೋಗಿ ಮೂಲೆ ಟೇಬಲ್ಲಲ್ಲಿ ಕೂತೆ. ಹತ್ತು ನಿಮಿಷ ಆದ್ರೂ ಯಾರೂ ಆರ್ಡರ್ ತಗೊಳ್ಳೋಕೆ ಬರ್ಲಿಲ್ಲ. ಕೊನೆಗೆ ಕೌಂಟರ್‌ನಲ್ಲಿದ್ದ ಹೆಂಗಸು ಅಲ್ಲಿಂದ್ಲೇ ಕೂಗಿ, ಇಲ್ಲಿಗೇ ಬಂದು ತಗೋಬೇಕು ಲವ್ ಅಂದ್ರು. ಎದ್ದು ಹೋಗೋ ದಾರೀಲಿ ಪೂಲ್ ಟೇಬಲ್ ಅಂಚಲ್ಲಿ 50 ಪೆನ್ನಿಯ ಎರಡು ನಾಣ್ಯ ಕಾಣಿಸ್ತು, ಯಾರೋ ಮರೆತು ಹೋಗಿದಾರೆ ಅನ್ಕೊಂಡು ಎತ್ತಿ ಕೌಂಟರ್‌ಗೆ ಕೊಟ್ಟೆ. ಆಮೇಲೆ ಇನ್ನೂ ಜಾಸ್ತಿ ಮೌನ.

ಆಗ ಆ ಅಜ್ಜನೇ ನನ್ನ ದೊಡ್ಡ ಗ್ಲಾಸ್ ಬಿಯರ್‌ಗೆ, ಅಂದ್ರೆ ಪೈಂಟ್‌ಗೆ ದುಡ್ಡು ಕೊಟ್ಟ. ನಾನು ಬೇಡ ಅಂದೆ, ಕೇಳ್ಲಿಲ್ಲ. ಪಕ್ಕ ನಿಲ್ಲಿಸ್ಕೊಂಡು ಮಾತಾಡಿಸ್ದ, ಹದಿನಾರನೇ ವಯಸ್ಸಿಗೆ ಮೆಲ್ಟಿಂಗ್ ಶಾಪ್ ಸೇರಿದ್ನಂತೆ, ಉಕ್ಕು ಕರಗಿಸೋ ಕಡೆ. 1980ರಲ್ಲಿ 13 ವಾರ ಸ್ಟ್ರೈಕ್ ಆದಾಗ ಗೇಟ್ ಮುಂದೆ ನಿಂತಿದ್ದು ಹೇಳ್ದ. ಅರ್ಧ ಅರ್ಥ ಆಗ್ಲಿಲ್ಲ ನಂಗೆ. ಗ್ಲಾಸ್ ಖಾಲಿ ಮಾಡಿ ಎರಡು ಸಲ ಥ್ಯಾಂಕ್ಸ್ ಹೇಳಿ ಹೊರಟೆ. ಅವ್ನು ನನ್ನ ಖಾಲಿ ಗ್ಲಾಸ್ ನೋಡ್ದ, ಆಮೇಲೆ ನನ್ನ ನೋಡ್ದ, ಏನೋ ಅಂದ, ಪಕ್ಕದೋನು ಮುಖ ತಿರುಗಿಸ್ದ. ಬಾಯ್ ಅಂತ ಯಾರೂ ಹೇಳ್ಲಿಲ್ಲ.

ಆವತ್ತಿಂದ ಮನಸ್ಸಲ್ಲಿ ಅದೇ ಕೊರೀತಿದೆ. ಮತ್ತೆ ಹೋಗ್ಲಾ ಬೇಡ್ವಾ?

ಕೌಂಟರ್‌ಹಿಂದೆ

ಅಯ್ಯೋ ಗುರು, ಆ ನಾಣ್ಯ!!

ಅದು ಮರೆತು ಹೋಗಿದ್ದಲ್ಲ, ಸರದಿ. ಪೂಲ್ ಟೇಬಲ್ ಅಂಚಲ್ಲಿ ನಾಣ್ಯ ಇಟ್ರೆ ಮುಂದಿನ ಆಟ ನಂದು ಅಂತ. ಗೆದ್ದವನು ಟೇಬಲ್ ಬಿಡಲ್ಲ, ನಾಣ್ಯ ಇಟ್ಟವನು ಬಂದು ಅವನ ಜೊತೆ ಆಡ್ತಾನೆ. ನೀವು ಇಬ್ಬರ ಸರದಿ ಎತ್ತಿ ಕೌಂಟರ್‌ಗೆ ಕೊಟ್ಟಿದೀರಿ.

ನಾನು ಓದ್ತಿದ್ದಾಗ ಎರಡು ವರ್ಷ ಲೀಡ್ಸ್‌ನಲ್ಲಿ ಇಂಥದ್ದೇ ಪಬ್ಬಲ್ಲಿ ಕೆಲ್ಸ ಮಾಡಿದೀನಿ ಅದಕ್ಕೆ ಹೇಳ್ತಿದೀನಿ, ಇದನ್ನ ಯಾರೂ ದೊಡ್ಡದು ಮಾಡಲ್ಲ, ಗೊತ್ತಿಲ್ಲದೋನು ಅಂತ ಅವ್ರಿಗೂ ಗೊತ್ತಾಗಿರತ್ತೆ. ನಿಜವಾದ ತಪ್ಪು ಕೊನೇಲಿ ಆಗಿದೆ. ಅವ್ರು ಕೊಡಿಸಿದ್ರು, ನೀವು ಕುಡಿದು ಎದ್ದು ಹೋದ್ರಿ. ರೌಂಡ್ ಅಂದ್ರೆ ಈಗ ನಾನು, ಮುಂದಿನದು ನೀನು. ಖಾಲಿ ಗ್ಲಾಸ್ ನೋಡಿದ್ರಲ್ಲ, "ನಿನ್ನ ಸರದಿ ಬಂತು" ಅಂತ ಆ ನೋಟದ ಅರ್ಥ.

ರಾತ್ರಿಪಾಳಿ

ಛೇ. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದ್ದೆ ಅದೇ ಸಾಕು ಅನ್ಕೊಂಡಿದ್ದೆ. ದುಡ್ಡಿನ ವಿಷಯ ಅಲ್ವೇ ಅಲ್ಲ, ಕೇಳಿದ್ರೆ ಹತ್ತು ಕೊಡಿಸ್ತಿದ್ದೆ.

ಕೌಂಟರ್‌ಹಿಂದೆ

ಅವ್ರಿಗೂ ದುಡ್ಡಿನ ವಿಷಯ ಅಲ್ಲ. ನಾಲ್ಕು ಪೌಂಡ್ ಚಿಲ್ಲರೆಗೆ ಯಾರೂ ಮುಖ ತಿರುಗಿಸಲ್ಲ. ಪೈಂಟ್ ಕೊಡಿಸಿದ್ದು ಇನ್ನೊಂದರ್ಧ ಗಂಟೆ ಕೂತ್ಕೋ ಅಂತ ಕರೆದ ಹಾಗೆ, ನೀವು ಎದ್ದು ಹೊರಟಿದ್ದು ನನಗೆ ನಿಮ್ಮ ಸಹವಾಸ ಬೇಡ ಅಂದ ಹಾಗೆ ಆಯ್ತು.

ಮತ್ತೆ "ನೌ ದೆನ್" ಅಂದ್ರೆ ಯಾರ್ಕ್‌ಶೈರ್‌ನಲ್ಲಿ ನಮಸ್ಕಾರ ಅಂತ ಅಷ್ಟೇ. ಗದರಿದ್ದಲ್ಲ. ಉತ್ತರನೂ ಅದೇ, ನೀವೂ "ನೌ ದೆನ್" ಅಂದ್ರೆ ಆಯ್ತು. ಲವ್ ಅಂದಿದ್ದೂ ಹಾಗೇ, ಶೆಫೀಲ್ಡ್‌ನಲ್ಲಿ ಗಂಡಸರು ಗಂಡಸರಿಗೇ ಲವ್ ಅಂತಾರೆ, ಸ್ವಲ್ಪ ದಕ್ಷಿಣಕ್ಕೆ ಡಾರ್ಬಿ ಕಡೆ ಹೋದ್ರೆ ಡಕ್ ಅಂತಾರೆ.

ಸುಮ್ನೆಕೇಳ್ದೆ

ನಂಗೊಂದು ಅರ್ಥ ಆಗಲ್ಲ. ಊರ ತುಂಬಾ ಒಳ್ಳೊಳ್ಳೆ ಪಬ್ ಇವೆ, ಅಲ್ಲಿ ನಿಮ್ಮನ್ನ ಯಾರೂ ತಿರುಗಿ ನೋಡಲ್ಲ. ಯಾಕೆ ಹುಡುಕ್ಕೊಂಡು ಇಂಥ ಕಡೆ ಹೋಗಿ ಅವಮಾನ ಮಾಡಿಸ್ಕೋಬೇಕು? ಬಾಗ್ಲು ತೆಗೆದ ತಕ್ಷಣ ಮಾತು ನಿಲ್ಲತ್ತೆ ಅಂದ್ರೆ ಅದೇ ಉತ್ತರ. ನಾಣ್ಯ ರೌಂಡು ಎಲ್ಲ ಆಮೇಲಿನ ಮಾತು, ನೀವು ಒಳಗೆ ಕಾಲಿಟ್ಟಾಗ ಏನೂ ತಪ್ಪು ಮಾಡಿರ್ಲಿಲ್ಲ ಅಲ್ವಾ?

ರಾತ್ರಿಪಾಳಿ

ಹುಡುಕ್ಕೊಂಡು ಹೋಗಿಲ್ಲ, ಮನೆಯಿಂದ ಮುನ್ನೂರು ಹೆಜ್ಜೆ. ಅಕ್ಕಪಕ್ಕದೋರ ಹೆಸ್ರೂ ಗೊತ್ತಿಲ್ದೆ ಎಂಟು ತಿಂಗಳು ಕಳೆದಿದೀನಿ ಅದಕ್ಕೇ ಹೋಗಿದ್ದು. ಸಿಟಿ ಸೆಂಟರ್‌ನಲ್ಲಿ ಯಾರೂ ನೋಡಲ್ಲ ನಿಜ, ಮಾತೂ ಆಡ್ಸಲ್ಲ.

ಮಳೆಬಂತು

ಹೌದು ಮಾರಾಯ್ರೆ, ಅದು ಸರಿ. ಯಾರೂ ನೋಡದ ಜಾಗದಲ್ಲಿ ಒಬ್ಬನೇ ಕೂತು ಕುಡಿಯುದಕ್ಕಿಂತ ನೋಡುವ ಜಾಗ ಎಷ್ಟೋ ವಾಸಿ. ಎಂಟು ಜನ ದಿನಾ ಕೂರುವ ಕೋಣೆಗೆ ಹೊಸಬ ಬಂದ್ರೆ ನೋಡದೆ ಮತ್ತೆಂತ ಮಾಡುದು? ನಮ್ಮ ಮನೆ ಜಗಲಿಗೆ ಯಾರೋ ಗೊತ್ತಿಲ್ಲದವರು ಬಂದು ಕೂತರೆ ನಾವು ಮಾತು ನಿಲ್ಲಿಸುದಿಲ್ವಾ?

ಹಳೇಫೌಂಡ್ರಿ

ನಾನು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಇದೀನಿ. @ಸುಮ್ನೆಕೇಳ್ದೆ ಅವರ ಮಾತನ್ನ ತಳ್ಳಿಹಾಕ್ಬೇಡಿ. ನೋಟ ಎಲ್ಲ ದ್ವೇಷ ಅಲ್ಲ, ಸರಿ, ಆದ್ರೆ ನಮ್ಮೋರಿಗೆ ಆ ಅಳುಕು ಎಲ್ಲಿಂದ ಬಂತು ಅಂತ ಗೊತ್ತಿರ್ಬೇಕು.

ಇಲ್ಲಿ ಐವತ್ತು ಅರವತ್ತರ ದಶಕದಲ್ಲಿ ಫೌಂಡ್ರಿಗಳಲ್ಲಿ ದುಡಿಯೋಕೆ ಪಂಜಾಬಿಗಳು ಬಂದ್ರಲ್ಲ, ಅವ್ರಿಗೆ ಎಷ್ಟೋ ಪಬ್‌ಗಳಲ್ಲಿ ಪಬ್ಲಿಕ್ ಬಾರ್ ಅನ್ನೋ ಒಂದು ಕೋಣೆ ಬಿಟ್ಟು ಬೇರೆ ಕಡೆ ಪ್ರವೇಶ ಇರ್ಲಿಲ್ಲ. ಅದಕ್ಕೆ ಕಲರ್ ಬಾರ್ ಅಂತ ಹೆಸ್ರು. ಒಂದೇ ಕುಲುಮೆ ಮುಂದೆ ಹಗಲೆಲ್ಲ ಒಟ್ಟಿಗೆ ಬೆವರು ಸುರಿಸಿದೋರು ಸಂಜೆ ಒಂದೇ ಕೋಣೇಲಿ ಕೂರೋ ಹಾಗಿಲ್ಲ. 1965ರ ಫೆಬ್ರವರಿ 12ಕ್ಕೆ ಅಮೆರಿಕದ ಕರಿಯರ ಹಕ್ಕಿಗೆ ಹೋರಾಡಿದ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದ್ರು. ಇಂಡಿಯನ್ ವರ್ಕರ್ಸ್ ಅಸೋಸಿಯೇಶನ್‌ನ ಅವತಾರ್ ಸಿಂಗ್ ಜೌಹಲ್, ಮಾಲ್ಕಮ್ ಎಕ್ಸ್‌ರನ್ನ ಹೈ ಸ್ಟ್ರೀಟ್‌ನ ಬ್ಲೂ ಗೇಟ್ಸ್ ಪಬ್‌ಗೆ ಕರ್ಕೊಂಡು ಹೋದ್ರು. ಬಿಳಿಯರಿಗೆ ಮಾತ್ರ ಅಂತಿದ್ದ ಸ್ಮೋಕ್ ರೂಮಲ್ಲಿ ಕೊಡಲ್ಲ ಅಂದ್ರು. ಅದಾಗಿ ಒಂಬತ್ತು ದಿನಕ್ಕೆ ನ್ಯೂಯಾರ್ಕ್‌ನಲ್ಲಿ ಮಾಲ್ಕಮ್ ಎಕ್ಸ್ ಕೊಲೆ ಆಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ರೇಸ್ ರಿಲೇಶನ್ಸ್ ಆಕ್ಟ್ ಜಾರಿಗೆ ಬಂದು ಪಬ್‌ನಂಥ ಜಾಗದಲ್ಲಿ ಬಣ್ಣ ನೋಡಿ ಕೊಡಲ್ಲ ಅನ್ನೋದು ಕಾನೂನುಬಾಹಿರ ಆಯ್ತು.

ಆದ್ರೆ ಕತೆ ಅಲ್ಲಿಗೆ ನಿಲ್ಲಲ್ಲ. ಮುಂದೆ ಕಾರ್ಖಾನೆಗಳು ಮುಚ್ಚಿ ಪಬ್‌ಗಳು ಬಾಗಿಲು ಹಾಕೋ ಸ್ಥಿತಿಗೆ ಬಂದಾಗ ಅದೇ ಪಂಜಾಬಿಗಳು ಎಷ್ಟೋ ಪಬ್ ತಗೊಂಡ್ರು, ಅದಕ್ಕೇ ಈ ಕಡೆ ದೇಸಿ ಪಬ್ ಅಂತ ಇರೋದು. ಪೂಲ್ ಟೇಬಲ್, ಫುಟ್‌ಬಾಲ್, ಪೈಂಟ್ ಎಲ್ಲ ಹಾಗೇ ಇದೆ, ಜೊತೆಗೆ ಕಬ್ಬಿಣದ ತಟ್ಟೇಲಿ ಚಟಪಟ ಅಂತ ಹೊಗೆಯಾಡ್ತಾ ಮಿಕ್ಸ್‌ಡ್ ಗ್ರಿಲ್ ಬರತ್ತೆ. ಹಳೇ ಬಿಳಿ ಗಿರಾಕಿಗಳು ಈಗ್ಲೂ ಅದೇ ಸ್ಟೂಲ್ ಮೇಲೆ ಕೂತಿರ್ತಾರೆ.

ಸುಮ್ನೆಕೇಳ್ದೆ

ಇದು ಗೊತ್ತಿರ್ಲಿಲ್ಲ, ಥ್ಯಾಂಕ್ಸ್ ಸರ್. ಆದ್ರೂ ನನ್ನ ಮಾತು ಅದೇ, ಒಬ್ಬನೇ ಹೋಗೋದು ಬೇಡ. ನನ್ನ ಸ್ನೇಹಿತನೊಬ್ಬನಿಗೆ ಒಂದು ಕಡೆ ಸೀದಾ ಮುಖಕ್ಕೇ ಹೊಡೆದ ಹಾಗೆ ಅಂದಿದಾರೆ, ಅವನು ಅರ್ಧ ಗ್ಲಾಸ್ ಬಿಟ್ಟು ಬಂದ.

ಹಳೇಫೌಂಡ್ರಿ

ಅಂಥದ್ದೂ ಇದೆ, ನನಗೂ ಆಗಿದೆ. ಅಂಥ ಕಡೆ ವಾದ ಮಾಡ್ತಾ ನಿಲ್ಬಾರ್ದು, ಎದ್ದು ಬರ್ಬೇಕು. ಆದ್ರೆ ರಾತ್ರಿಪಾಳಿಯವರಿಗೆ ಆಗಿದ್ದು ಅದಲ್ಲ. ಬೇಡದ ಮನುಷ್ಯನಿಗೆ ಯಾರೂ ಪೈಂಟ್ ಕೊಡಿಸಲ್ಲ.

ಕ್ಲೈಡ್‌ದಂಡೆ

ಗ್ಲಾಸ್ಗೋದಿಂದ. ನಾನು ನರ್ಸ್, ಹೆಂಗಸು, ಅದಕ್ಕೆ ನನ್ನ ಲೆಕ್ಕ ಸ್ವಲ್ಪ ಬೇರೆ.

ಮೊದಲ ಸಲ ಇಲ್ಲಿನ ಹಳೇ ಹಡಗುಕಟ್ಟೆ ಕಡೆಯ ಪಬ್‌ಗೆ ಹೋಗಿದ್ದು ಜೊತೆ ಕೆಲ್ಸ ಮಾಡೋ ಅಕ್ಕನ ಜೊತೆ. ಬಾಗಿಲಲ್ಲೇ ಅವಳು ನನ್ನ ಹಸಿರು ಸ್ಕಾರ್ಫ್ ಬಿಚ್ಚಿಸಿ ಬ್ಯಾಗ್‌ಗೆ ಹಾಕಿಸಿದ್ಲು. ಆವತ್ತು ಇಲ್ಲಿನ ಎರಡು ದೊಡ್ಡ ಫುಟ್‌ಬಾಲ್ ಟೀಮ್, ಸೆಲ್ಟಿಕ್ ರೇಂಜರ್ಸ್ ಮ್ಯಾಚ್. ಹಸಿರು ಬಿಳಿ ಸೆಲ್ಟಿಕ್, ನೀಲಿ ರೇಂಜರ್ಸ್, ಅದರ ಹಿಂದೆ ಕ್ಯಾಥೊಲಿಕ್ ಪ್ರೊಟೆಸ್ಟೆಂಟ್ ಜಗಳ ಇದೆ. ಎಷ್ಟೋ ಪಬ್ ಬಾಗಿಲಲ್ಲಿ ಫುಟ್‌ಬಾಲ್ ಬಣ್ಣ ಹಾಕಿಕೊಂಡು ಬರ್ಬೇಡಿ ಅಂತ ಬೋರ್ಡೇ ಇರತ್ತೆ. ಯಾವ ಟೀಮ್ ಅಂತ ಕೇಳಿದ್ರೆ ನಾನು ಪಾರ್ಟಿಕ್ ಥಿಸಲ್ ಅಂತೀನಿ, ಅದು ಮೂರನೇ ಟೀಮು, ಕೇಳಿದೋರು ನಕ್ಕು ಸುಮ್ನಾಗ್ತಾರೆ.

ಈಗ ಒಬ್ಬಳೇ ಹೋಗ್ತೀನಿ. ಟೇಬಲ್ ಹಿಡಿಯಲ್ಲ, ಕೌಂಟರ್ ಹತ್ರಾನೇ ನಿಲ್ತೀನಿ, ಕೌಂಟರ್‌ನಲ್ಲಿರೋರ ಕಣ್ಣಿಗೆ ಬೀಳೋ ಹಾಗೆ. ಗ್ಲಾಸ್ ಬಿಟ್ಟು ಎಲ್ಲೂ ಹೋಗಲ್ಲ. ಗೊತ್ತಿಲ್ಲದ ಪಬ್‌ಗೆ ಮ್ಯಾಚ್ ದಿನ ಹೋಗಲ್ಲ. ಇಂಗ್ಲೆಂಡ್‌ನಲ್ಲಿರೋ ಹೆಣ್ಮಕ್ಕಳಿಗೆ ಒಂದು ಮಾತು, ಅಲ್ಲಿ 2016ರಲ್ಲಿ ಲಿಂಕನ್‌ಶೈರ್‌ನಿಂದ ಶುರುವಾದ ಪದ್ಧತಿ ಇದೆ, ತೊಂದ್ರೆ ಅನ್ಸಿದ್ರೆ ಕೌಂಟರ್‌ಗೆ ಹೋಗಿ "ಏಂಜೆಲಾ ಇದಾರಾ" ಅಂತ ಕೇಳಿ. ಆ ಪದ್ಧತಿ ಇರೋ ಪಬ್ ಆದ್ರೆ ಅವ್ರು ನಿಮ್ಮನ್ನ ಹೊರಗೆ ಕಳಿಸೋ ವ್ಯವಸ್ಥೆ ಮಾಡ್ತಾರೆ.

ಇಷ್ಟೆಲ್ಲ ಹೇಳಿ ಹೆದರಿಸ್ತಿದೀನಿ ಅನ್ಕೋಬೇಡಿ. ನನ್ನ ತಂದೆ ತೀರಿಕೊಂಡ ವಾರ ಊರಿಗೆ ಹೋಗೋಕೆ ಟಿಕೆಟ್ ಸಿಗ್ದೆ ಒದ್ದಾಡ್ತಿದ್ದಾಗ ಆ ಪಬ್ಬಿನ ಮೂರು ಮುದುಕರು ಒಂದು ಮಾತೂ ಆಡದೆ ನನ್ನ ಪಕ್ಕ ನಿಂತಿದ್ರು. ಒಬ್ಬ ವಿಸ್ಕಿ ತಂದು ಮುಂದಿಟ್ಟ, ನಾನು ಮುಟ್ಲಿಲ್ಲ. ಮುಚ್ಚೋವರೆಗೂ ಅದು ಅಲ್ಲೇ ಇತ್ತು, ಯಾರೂ ಎತ್ತಲಿಲ್ಲ.

ಮಳೆಬಂತು

ಓದಿ ಮನಸ್ಸು ಭಾರ ಆಯ್ತು ಅಕ್ಕ.

ಡಾರ್ಟ್ಸ್‌ಹುಚ್ಚ

ಹೆಂಗಸರ ವಿಷಯ ಬಂದಿದ್ದಕ್ಕೆ, ಇಲ್ಲಿ ಪಬ್‌ಗಳು ಹೆಂಗಸರಿಗೆ ಕೊಡಲ್ಲ ಅಂತ ಹೇಳ್ಬಹುದಿತ್ತು ಗೊತ್ತಾ? 1975ರ ಸೆಕ್ಸ್ ಡಿಸ್ಕ್ರಿಮಿನೇಶನ್ ಆಕ್ಟ್ ಬಂದ್ಮೇಲೆ ನಿಂತಿದ್ದು.

ಕ್ಲೈಡ್‌ದಂಡೆ

ಅಷ್ಟು ಸಲೀಸಾಗಿ ನಿಲ್ಲಲಿಲ್ಲ. ಲಂಡನ್‌ನ ಫ್ಲೀಟ್ ಸ್ಟ್ರೀಟ್‌ನ ಎಲ್ ವೀನೊ ಅನ್ನೋ ವೈನ್ ಬಾರಲ್ಲಿ ಹೆಂಗಸರು ಕೌಂಟರ್ ಹತ್ರ ನಿಲ್ಲಂಗಿಲ್ಲ, ಹಿಂದಿನ ಕೋಣೇಲಿ ಕೂತ್ರೆ ಮಾತ್ರ ಕೊಡ್ತೀವಿ ಅಂತ ಆಮೇಲೂ ಇತ್ತು. ಇಬ್ಬರು ಹೆಂಗಸರು ಕೋರ್ಟ್‌ಗೆ ಹೋಗಿ 1982ರಲ್ಲಿ ಗೆದ್ರು. ಕೌಂಟರ್ ಹತ್ರ ನಿಲ್ಲೋದು ಸಣ್ಣ ವಿಷಯ ಅಲ್ಲ, ಎಲ್ಲ ಮಾತು ಅಲ್ಲೇ ಇರೋದು.

ಕೌಂಟರ್‌ಹಿಂದೆ

ಜೊತೆಗೆ ಕಾರ್ಮಿಕರದ್ದೇ ವರ್ಕಿಂಗ್ ಮೆನ್ಸ್ ಕ್ಲಬ್‌ಗಳು. ಅವು ಪಬ್ ಅಲ್ಲ, ಹೊರಗಿಂದ ಒಂದೇ ಥರ ಕಾಣತ್ತೆ ಅಷ್ಟೇ, ಗೊತ್ತಿಲ್ದೆ ನುಗ್ಗಬೇಡಿ. ಸದಸ್ಯರ ಸ್ವತ್ತು ಅದು, ಸದಸ್ಯನೊಬ್ಬ ಬಾಗಿಲಲ್ಲಿ ಪುಸ್ತಕಕ್ಕೆ ನಿಮ್ಮ ಹೆಸ್ರು ಬರೆಸಿ ಕರ್ಕೊಂಡು ಹೋಗ್ಬೇಕು. ಈ ಕ್ಲಬ್‌ಗಳ ಒಕ್ಕೂಟ 1862ರಲ್ಲಿ ಶುರುವಾಗಿದ್ದು, ಹೆಂಗಸರಿಗೆ ಸಮಾನ ಸದಸ್ಯತ್ವ ಸಿಕ್ಕಿದ್ದು 2007ರಲ್ಲಿ.

ಕ್ಲೈಡ್‌ದಂಡೆ

2007!

ರೂರ್‌ಕಣಿವೆ

ನಾ ಜರ್ಮನಿಯ ರೂರ್ ಕಡೆ ಇರೋದ್ರಿ, ಬಾಟ್ರಾಪ್ ಹತ್ರ. ಇಲ್ಲೆ ಕಲ್ಲಿದ್ದಲ ಗಣಿ ಊರು. 2018ರ ಡಿಸೆಂಬರ್ 21ಕ್ಕ ದೇಶದ ನೆಲದೊಳಗಿನ ಕಡೀ ಕಲ್ಲಿದ್ದಲ ಗಣಿ, ಪ್ರೋಸ್ಪರ್ ಹಾನಿಯಲ್, ಬಂದ್ ಆತು. ಮೂಲಿಗೊಂದು ಕ್ನೈಪೆ ಇರ್ತದ, ಅಂದ್ರ ನೀವು ಹೇಳೂ ಪಬ್ ಹಂಗ, ಸಣ್ಣದು.

ಇಲ್ಲಿ ರೌಂಡ್ ಗೀಂಡ್ ಅಷ್ಟು ಜೋರಿಲ್ರಿ. ನಿಮ್ಮ ಗ್ಲಾಸ್ ಕೆಳಗ ರಟ್ಟಿನ ಬಿಲ್ಲೆ ಇಡ್ತಾರ, ಒಂದೊಂದು ಗ್ಲಾಸಿಗೆ ಅದರ ಮ್ಯಾಲೆ ಪೆನ್ಸಿಲ್‌ಲೆ ಒಂದೊಂದು ಗೆರಿ. ಏಳೂಮುಂದ ಗೆರಿ ಎಣಿಸಿ ರೊಕ್ಕ ಕೊಡೂದು. ಆ ಬಿಲ್ಲೆ ಹರಿಯೂದು, ಕಿಸೆದಾಗ ಹಾಕ್ಕೊಳ್ಳೂದು ಮಾಡಬ್ಯಾಡ್ರಿ, ಅದ ನಿಮ್ಮ ಲೆಕ್ಕದ ಚೀಟಿ. ಕೊಲೋನ್‌ನ್ಯಾಗ ಇನ್ನೂ ಮುಂದ ಹೋಗ್ಯಾರ, ಅಲ್ಲೆ 200 ಮಿಲಿ ಸಣ್ಣ ಗ್ಲಾಸು, ಖಾಲಿ ಆಗೂದ ತಡ ಕೇಳದ ಇನ್ನೊಂದು ತಂದು ಇಡ್ತಾರ. ಸಾಕು ಅನಿಸಿದ್ರ ಬಿಲ್ಲೆ ಗ್ಲಾಸ್ ಮ್ಯಾಲೆ ಮುಚ್ಚಬೇಕು.

ಮತ್ತ ಒಂದು ಟೇಬಲ್ ಮ್ಯಾಲೆ ಶ್ಟಾಮ್‌ಟಿಶ್ ಅಂತ ಫಲಕ ಇರ್ತದ. ಅಲ್ಲೆ ಕೂಡ್ರಬ್ಯಾಡ್ರಿ, ಖಾಲಿ ಇದ್ರೂ. ಅದು ದಿನಾ ಬರೋರದು. ನಾ ಒಳಗ ಹೋದ ಮೊದಲನೇ ವರ್ಷ ಬ್ಯಾರೆ ಕಡೆ ಕೂತು ಬರ್ತಿದ್ದೆ. ಎರಡನೇ ವರ್ಷ ಒಂದ್ ದಿನ ಅದರಾಗಿನ ಒಬ್ಬಾಂವ ಕಾಲಿಲೆ ಕುರ್ಚಿ ಹಿಂದ ಸರಿಸಿದ, ಬಾಯಿಲೆ ಏನೂ ಅನ್ನಲಿಲ್ಲ. ನಾ ಹೋಗಿ ಬೆರಳ ಗೆಣ್ಣಿಲೆ ಟೇಬಲ್ ಎರಡು ಸಲ ಬಡದು ಕೂತೆ. ಎಲ್ಲಾರ ಕೈ ಕುಲುಕೂ ಬದಲಿ ಹಂಗ ಬಡೀತಾರಿಲ್ಲೆ.

ಮಳೆಬಂತು

ಎರಡು ವರ್ಷ!! ರಾತ್ರಿಪಾಳಿಯವರಿಗೆ ಹತ್ತು ನಿಮಿಷಕ್ಕೆ ಪೈಂಟ್ ಸಿಕ್ಕಿದೆ, ಪುಣ್ಯ ಮಾಡಿದ್ದೀರಿ.

ಹೊಸದಾರಿ

ನಾನು ಮುಂದಿನ ತಿಂಗಳು ಯುಕೆ ಟ್ರಿಪ್ ಬರ್ತಿದೀನಿ, ಇಂಥ ಗ್ರಿಟಿ, ಅಂದ್ರೆ ಒರಟು, ಪಬ್‌ಗಳದ್ದೇ ಒಂದು ಫೋಟೋ ಸೀರೀಸ್ ಮಾಡೋ ಪ್ಲಾನ್ ಇದೆ. ಒಡೆದ ಟೈಲ್ಸು, ಹಳೇ ಮುಖಗಳು, ಒಳ್ಳೆ ಟೆಕ್ಸ್ಚರ್ ಸಿಗತ್ತೆ. ಶೆಫೀಲ್ಡ್ ಪಬ್ ಹೆಸ್ರು ಹೇಳ್ತೀರಾ?

ಕೌಂಟರ್‌ಹಿಂದೆ

ದಯವಿಟ್ಟು ಬೇಡ. ಕ್ಯಾಮೆರಾ ಹೊರಗೆ ತೆಗೆದ ಕ್ಷಣ ನೀವು ಗಿರಾಕಿ ಅಲ್ಲ. ಅಲ್ಲಿ ಕೂತಿರೋರಲ್ಲಿ ಮನೇಲಿ ಹೇಳದೆ ಬಂದೋರಿರ್ತಾರೆ, ಕೆಲ್ಸ ಹೋದೋರಿರ್ತಾರೆ, ಹೆಂಡತಿ ತೀರಿಕೊಂಡು ಒಬ್ಬರೇ ಇರೋಕಾಗದೆ ಬಂದೋರಿರ್ತಾರೆ. ನಾನು ಕೆಲ್ಸ ಮಾಡ್ತಿದ್ದ ಪಬ್ಬಲ್ಲಿ ಹೀಗೇ ಒಬ್ಬ ಬಂದು ಕೇಳದೆ ಫೋಟೋ ಹೊಡೆದ, ಒಬ್ಬರು ಮುಖ ಮುಚ್ಕೊಂಡು ಎದ್ದು ಹೋದೋರು ಆಮೇಲೆ ಮೂರು ವಾರ ಬರ್ಲಿಲ್ಲ.

ಹೊಸದಾರಿ

ಕೇಳಿ ತೆಗೆದ್ರೆ?

ಹಳೇಫೌಂಡ್ರಿ

ನಾಲ್ಕು ಸಲ ಹೋಗಿ ಕೂತು ಕುಡಿದು ಮಾತಾಡಿ ಬನ್ನಿ, ಐದನೇ ಸಲ ಕೇಳಿ. ನಾಲ್ಕು ಸಲ ಹೋಗೋ ಪುರುಸೊತ್ತಿಲ್ಲ ಅಂದ್ರೆ ಆ ಫೋಟೋ ನಿಮ್ಮದಲ್ಲ. ಮತ್ತೆ ಆ ಗ್ರಿಟಿ ಅನ್ನೋ ಪದ ಇದೆಯಲ್ಲ, ಅದು ಹೊರಗಿಂದ ನೋಡೋರ ಪದ. ಒಳಗಿರೋರು ಅದನ್ನ ಲೋಕಲ್ ಅಂತಾರೆ, ಅಂದ್ರೆ ನಮ್ಮ ಬೀದಿ ಪಬ್ಬು.

ರಾತ್ರಿಪಾಳಿ

ಹೆಸ್ರು ಹೇಳಲ್ಲ @ಹೊಸದಾರಿ, ಕ್ಷಮಿಸಿ. ನಾನೇ ಇನ್ನೂ ಅಲ್ಲಿ ಹೊಸಬ.

ನಿಂಬೆಸೋಡಾ

ಒಂದು ಡೌಟು. ನಾನು ಕುಡಿಯಲ್ಲ. ಆಫೀಸ್‌ನೋರ ಜೊತೆ ಪಬ್‌ಗೆ ಹೋಗ್ತೀನಿ, ಲೈಮ್ ಸೋಡಾ ತಗೋತೀನಿ. ನನ್ನ ಸೋಡಾ ಒಂದು ಪೌಂಡು, ಅವ್ರ ಪೈಂಟು ಐದು, ಆರು ಜನ ಇರ್ತಾರೆ. ನಾನೂ ಪೂರ್ತಿ ರೌಂಡ್ ಕೊಡಿಸ್ಬೇಕಾ? ಅನ್ಯಾಯ ಅಲ್ವಾ?

ಡಾರ್ಟ್ಸ್‌ಹುಚ್ಚ

ಅನ್ಯಾಯನೇ. ನೀವು ಮೊದಲೇ ಹೇಳ್ಬಿಡಿ, ನಾನು ರೌಂಡಲ್ಲಿಲ್ಲ ನಂದು ನಾನೇ ತಗೋತೀನಿ ಅಂತ. ಯಾರೂ ತಪ್ಪು ತಿಳಿಯಲ್ಲ.

ಕೌಂಟರ್‌ಹಿಂದೆ

ಹೌದು, ಆದ್ರೆ ಮೊದಲೇ ಹೇಳ್ಬೇಕು, ಎರಡು ಸೋಡಾ ಅವ್ರ ದುಡ್ಡಲ್ಲಿ ಕುಡಿದ ಮೇಲೆ ಅಲ್ಲ. ಇನ್ನೊಂದು ದಾರಿ, ಒಂದು ಸಲ ಎಲ್ರಿಗೂ ಕ್ರಿಸ್ಪ್ಸ್ (ನಮ್ಮ ಆಲೂ ಚಿಪ್ಸ್) ತನ್ನಿ. ಪೊಟ್ಟಣದ ಬಾಯಿ ತೆರೆದು ಹಿಡ್ಕೊಂಡು ಕೂರೋದಲ್ಲ, ಹಿಂಭಾಗದ ಅಂಟು ಬಿಡಿಸಿ ಪೂರ್ತಿ ಎಲೆ ಹಾಸಿದ ಹಾಗೆ ಟೇಬಲ್ ಮಧ್ಯೆ ಹಾಸ್ಬೇಕು, ಎಲ್ರೂ ಕೈ ಹಾಕೋ ಹಾಗೆ. ಅದನ್ನ ಸರಿಯಾಗಿ ಮಾಡಿದ್ರೆ ನೀವು ಕುಡಿಯಲ್ಲ ಅನ್ನೋದು ಯಾರಿಗೂ ನೆನಪಿರಲ್ಲ. ಸಸ್ಯಾಹಾರಿಗಳು ನೋಡ್ಕೊಳ್ಳಿ, ಸ್ಕ್ರ್ಯಾಚಿಂಗ್ಸ್ ಅಂತ ಬರೆದಿದ್ರೆ ಅದು ಹಂದಿ ಚರ್ಮ ಹುರಿದಿದ್ದು.

ನಿಂಬೆಸೋಡಾ

ಸ್ಕ್ರ್ಯಾಚಿಂಗ್ಸ್ ವಿಷಯ ಹೇಳಿದ್ದು ಬಹಳ ಒಳ್ಳೇದಾಯ್ತು.

ಹಳೇಫೌಂಡ್ರಿ

ರೌಂಡ್ ಬಗ್ಗೆ ಇನ್ನೊಂದು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸರ್ಕಾರ ಹಲವು ಕಡೆ ರೌಂಡ್ ಕೊಡಿಸೋದನ್ನೇ ನಿಷೇಧ ಮಾಡಿತ್ತು. ಮದ್ದುಗುಂಡು ಕಾರ್ಖಾನೆ ಕೆಲಸಗಾರರು ಜಾಸ್ತಿ ಕುಡೀತಾರೆ ಅನ್ನೋ ಚಿಂತೆ. ಇನ್ನೊಬ್ಬನಿಗೆ ಗ್ಲಾಸ್ ಕೊಡಿಸಿದ್ರೆ ಅಪರಾಧ. ಆಗ್ಲೇ ಮಧ್ಯಾಹ್ನ ಪಬ್ ಮುಚ್ಚೋ ನಿಯಮನೂ ಬಂತು, ಅದು ಇಂಗ್ಲೆಂಡ್‌ನಲ್ಲಿ ಭಾನುವಾರ ಬಿಟ್ಟು ಬೇರೆ ದಿನಗಳಿಗೆ ಹೋಗಿದ್ದು 1988ರಲ್ಲಿ. ಯುದ್ಧ ಮುಗಿದು ಎಪ್ಪತ್ತು ವರ್ಷ ಮಧ್ಯಾಹ್ನ ಬಾಗಿಲು ಹಾಕ್ತಿದ್ರು.

ಡಾರ್ಟ್ಸ್‌ಹುಚ್ಚ

ಪೂಲ್ ಬರದಿದ್ರೆ ಡಾರ್ಟ್ಸ್ ಕಲೀರಿ, ಹೊಸಬರಿಗೆ ಅದೇ ಒಳ್ಳೇದು, ಯಾಕಂದ್ರೆ ಲೆಕ್ಕ ಬರೆಯೋರು ಯಾವಾಗ್ಲೂ ಬೇಕು. 501 ಪಾಯಿಂಟಿಂದ ಕಳೀತಾ ಬರೋದು, ಕೊನೇ ಬಾಣ ಎರಡರಷ್ಟು ಪಾಯಿಂಟ್ ಸಿಗೋ ಡಬಲ್‌ಗೇ ಬೀಳ್ಬೇಕು. ಬೋರ್ಡ್ ಮಧ್ಯ ನೆಲದಿಂದ 1.73 ಮೀಟರ್, ಎಸೆಯೋ ಗೆರೆ 2.37 ಮೀಟರ್ ದೂರ. ಯಾರೋ ಎಸೀವಾಗ ಆ ಗೆರೆ ದಾಟಿ ಮುಂದೆ ನಡೀಬೇಡಿ. ಬಾಯಿಲೆಕ್ಕ ಚೆನ್ನಾಗಿದ್ರೆ ಸೀಮೆಸುಣ್ಣ ಕೈಗೆ ಕೊಡ್ತಾರೆ, ಒಂದು ಸಂಜೆಗೆ ಎಲ್ರ ಹೆಸ್ರೂ ಗೊತ್ತಾಗತ್ತೆ.

ಸುಮ್ನೆಕೇಳ್ದೆ

ಬಿಯರ್ ಬೆಚ್ಚಗಿರತ್ತಂತೆ ಅದು ಹೇಗೆ ಕುಡೀತೀರಾ?

ಡಾರ್ಟ್ಸ್‌ಹುಚ್ಚ

ಬೆಚ್ಚಗಲ್ಲ, ನೆಲಮಾಳಿಗೆ ತಂಪು. ಹ್ಯಾಂಡ್‌ಪಂಪಿಂದ ಬರೋ ಕಾಸ್ಕ್ ಏಲ್, ಅಂದ್ರೆ ಪೀಪಾಯಿ ಬಿಯರ್, 11ರಿಂದ 13 ಡಿಗ್ರಿ ಇರ್ಬೇಕು. ಐಸ್ ಥರ ಬೇಕಂದ್ರೆ ಲಾಗರ್ ಕೇಳಿ, ಪಬ್ಬಿನಲ್ಲಿ ಅದೂ ಇರತ್ತೆ, ಯಾರೂ ಏನೂ ಅನ್ನಲ್ಲ.

ಕ್ಲೈಡ್‌ದಂಡೆ

ವಿಷಯಕ್ಕೆ ಬನ್ನಿ ಎಲ್ರೂ. @ರಾತ್ರಿಪಾಳಿ ಮತ್ತೆ ಹೋಗಿ. ಅದೇ ಗುರುವಾರ, ಅದೇ ಹೊತ್ತಿಗೆ ಹೋಗಿ. ಕೌಂಟರ್‌ನಲ್ಲಿರೋ ಹೆಂಗಸಿನ ಹತ್ರ ಮೊದಲು ಮಾತಾಡಿ.

ಹಳೇಫೌಂಡ್ರಿ

ಅಜ್ಜ ಇಲ್ಲದಿದ್ರೂ ಅವನ ಪೈಂಟಿಗೆ ದುಡ್ಡು ಕೊಟ್ಟು ಬನ್ನಿ, ಬಂದಾಗ ಕೊಡ್ತಾರೆ. ಮತ್ತೆ ಸುಮ್ನೆ ಕ್ಷಮೆ ಕೇಳ್ತಾ ನಿಂತ್ಕೋಬೇಡಿ, ಅವ್ರಿಗೆ ಮುಜುಗರ ಆಗತ್ತೆ.

ರಾತ್ರಿಪಾಳಿ

ಹೋಗಿ ಬಂದೆ. ನಿನ್ನೆ ಗುರುವಾರ.

ಮಧ್ಯಾಹ್ನದಿಂದ್ಲೇ ಹೊಟ್ಟೇಲಿ ಒಂಥರ. ಬಾಗಿಲಲ್ಲಿ ಇಬ್ಬರು ಸಿಗರೇಟ್ ಸೇದ್ತಾ ನಿಂತಿದ್ರು (2007ರಲ್ಲಿ ಒಳಗೆ ಸೇದೋದು ನಿಂತಮೇಲೆ ಎಲ್ಲ ಕಡೆ ಹೀಗೇ ಅಂತೆ). ಒಬ್ಬ ನನ್ನ ನೋಡಿ "ನೌ ದೆನ್" ಅಂದ. ನಾನೂ ಅಂದೆ. ಅಷ್ಟೇ, ಬಾಗ್ಲು ಹಿಡಿದು ಬಿಟ್ಟ.

ಅಜ್ಜ ಇರ್ಲಿಲ್ಲ. ಕೌಂಟರ್‌ನಲ್ಲಿದ್ದ ಲ್ಯಾಂಡ್‌ಲೇಡಿ (ಪಬ್ ನಡೆಸೋರು) ಹತ್ರ ನೇರವಾಗಿ ಹೇಳ್ದೆ, ಹೋದ ಸಲ ನಾಣ್ಯದ ವಿಷಯ ಗೊತ್ತಿರ್ಲಿಲ್ಲ, ರೌಂಡ್ ವಿಷಯನೂ ಗೊತ್ತಿರ್ಲಿಲ್ಲ ಅಂತ. ಅವರು ಗಲ್ಲಾ ಪಕ್ಕದಿಂದ ಆ ಎರಡು ನಾಣ್ಯ ತೆಗೆದು ನನ್ನ ಮುಂದಿಟ್ರು, ಅದರ ಒಡೆಯರು ವಾಪಸ್ ತಗೊಂಡೇ ಇಲ್ಲ, ನೀನು ಮತ್ತೆ ಬರ್ತೀಯಾ ಇಲ್ವಾ ನೋಡೋಣ ಅಂತ ಹಾಗೇ ಬಿಟ್ಟಿದಾರೆ ಅಂದ್ರು. ನಾನು ಎರಡನ್ನೂ ಇದ್ದಲ್ಲೇ ಇಟ್ಟು ಬಂದೆ, ಅದರ ಹಿಂದೆ ನಂದೊಂದು.

ಅಜ್ಜನಿಗೆ ಸೊಂಟದ ಆಪರೇಶನ್ ಆಗಿದೆಯಂತೆ, ಇನ್ನೂ ಕೆಲವು ವಾರ ಬರಲ್ಲ. ಅವನ ಪೈಂಟಿಗೆ ದುಡ್ಡು ಕೊಟ್ಟೆ. ಲ್ಯಾಂಡ್‌ಲೇಡಿ ಬಿಯರ್ ಬಿಲ್ಲೆ ಹಿಂದೆ ಅವನ ಹೆಸ್ರು ಬರೆದು, ನನ್ನ ಹೆಸ್ರು ಕೇಳಿ ಅದನ್ನೂ ಕೆಳಗೆ ಬರೆದು, ಬಾಟಲಿ ಸಾಲಿನ ಹಿಂದಿನ ಕನ್ನಡಿಗೆ ಸಿಕ್ಕಿಸಿದ್ರು. ಸ್ಪೆಲಿಂಗ್ ಎರಡು ಸಲ ಕೇಳಿದ್ರು.

ಪೂಲ್‌ನಲ್ಲಿ ಸೋತೆ. ಆಮೇಲೆ ನಾನೇ ಮೂರು ಜನಕ್ಕೆ ರೌಂಡ್ ತಂದೆ, ಮೂರು ಗ್ಲಾಸ್ ತ್ರಿಕೋನ ಮಾಡಿ ಎರಡೂ ಕೈಯಲ್ಲಿ ಹಿಡ್ಕೊಂಡು ಬರೋದು ಹೇಗೆ ಅಂತ ಒಬ್ಬರು ತೋರಿಸಿಕೊಟ್ರು.

ಮಳೆಬಂತು

ಆಹಾ, ಕೇಳಿ ಖುಷಿಯಾಯ್ತು ಮಾರಾಯ್ರೆ!

ಸುಮ್ನೆಕೇಳ್ದೆ

ನಾನು ಅಂದಿದ್ದು ವಾಪಸ್ ತಗೋತೀನಿ, ನಿಮ್ಮ ಪಬ್ ಮಟ್ಟಿಗೆ. ಎಲ್ಲ ಕಡೆ ಹೀಗಿರತ್ತೆ ಅಂತ ಮಾತ್ರ ಒಪ್ಪಲ್ಲ.

ರಾತ್ರಿಪಾಳಿ

ನಾನೂ ಒಪ್ಪಲ್ಲ, ಸರಿ. ಈಗ ಒಂದು ಅರ್ಜೆಂಟ್ ಸಹಾಯ ಬೇಕು. ಅಜ್ಜ ಅವ್ರ ಡಾಮಿನೋ (ಚುಕ್ಕೆ ಇರೋ ಕಾಯಿಗಳನ್ನ ಸಾಲಾಗಿ ಜೋಡಿಸೋ ಆಟ) ಟೀಮ್‌ನಲ್ಲಿದ್ನಂತೆ, ಮಂಗಳವಾರ ಬೇರೆ ಪಬ್ ಜೊತೆ ಪಂದ್ಯ, ಒಬ್ಬ ಕಮ್ಮಿ. ಬರ್ತೀಯಾ ಅಂತ ಕೇಳಿದ್ರು, ಹೂಂ ಅಂದ್ಬಿಟ್ಟೆ. ಫೈವ್ಸ್ ಅಂಡ್ ತ್ರೀಸ್ ಅಂತ ಆಟ. ಯಾರಿಗಾದ್ರೂ ಬರತ್ತಾ?

ಕೌಂಟರ್‌ಹಿಂದೆ

ಬರತ್ತೆ. ಕಾಯಿ ಸಾಲಿನ ಎರಡು ತುದೀಲಿರೋ ಚುಕ್ಕೆ ಕೂಡಿಸಿ. ಆ ಮೊತ್ತ 5ರಿಂದ ಭಾಗ ಆದ್ರೆ ಎಷ್ಟು ಸಲ ಆಗತ್ತೋ ಅಷ್ಟು ಪಾಯಿಂಟ್, 3ರಿಂದ ಆದ್ರೂ ಹಾಗೇ. 9 ಬಂದ್ರೆ 3 ಪಾಯಿಂಟ್, 10 ಬಂದ್ರೆ 2. 15 ಎರಡರಿಂದ್ಲೂ ಭಾಗ ಆಗತ್ತೆ, ಅದಕ್ಕೆ 5 ಮತ್ತೆ 3 ಸೇರಿ 8 ಪಾಯಿಂಟ್, ಅದೇ ದೊಡ್ಡದು. ಡಬಲ್ (ಎರಡೂ ಅರ್ಧದಲ್ಲಿ ಅಷ್ಟೇ ಚುಕ್ಕೆ ಇರೋ ಕಾಯಿ) ತುದೀಲಿದ್ರೆ ಎರಡೂ ಕಡೆ ಚುಕ್ಕೆ ಎಣಿಸ್ಬೇಕು, ಅಂದ್ರೆ ಡಬಲ್ ಸಿಕ್ಸ್ 12, ಇನ್ನೊಂದು ತುದೀಲಿ 3 ಇದ್ರೆ ನಿಮಗೆ 15 ಸಿಕ್ತು. ಸಾಮಾನ್ಯವಾಗಿ 61ಕ್ಕೆ ಆಟ, ಸರಿಯಾಗಿ 61ಕ್ಕೇ ಮುಗೀಬೇಕು, ಜಾಸ್ತಿ ಆದ್ರೆ ಆ ಪಾಯಿಂಟ್ ಇಲ್ಲ. ಕಾಯಿಗಳನ್ನ ಮಗುಚಿ ಕಲೆಸೋದು ಯಾರ ಸರದಿ ಅಂತ ಮೊದಲು ಕೇಳಿ, ಅಲ್ಲೂ ಸರದಿ ಇದೆ. ಭಾನುವಾರ ಸಂಜೆ ಫ್ರೀ ಇದ್ರೆ ವಿಡಿಯೋ ಕಾಲ್ ಮಾಡಿ, ನನ್ನ ಹತ್ರ ಒಂದು ಸೆಟ್ ಇದೆ, ನಾಲ್ಕು ಆಟ ಆಡೋಣ.